ಕಾವೇರಿಯ ಬಿಳಿಮೀನಿಗೂ ಒಂದು ಲೆಕ್ಕದ ಪುಸ್ತಕ ಬೇಕು

ಸಂಪಾದಕರಿಗೆ,

ಮಾನ್ಯರೆ,

ಕಳೆದ ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ನಮ್ಮೂರಿನ ಹತ್ತಿರದ ಸ್ನಾನಘಟ್ಟವೊಂದರಲ್ಲಿ ಕಾವೇರಿಗೆ ಮೀನುಮರಿ ಬಿಡುವ ಕಾರ್ಯಕ್ರಮ ನಡೆಯಿತು. ಶಾಮಿಯಾನ, ಹಾರ, ಭಾಷಣಗಳೆಲ್ಲ ಮುಗಿದ ಮೇಲೆ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ಬೆರಳುದ್ದದ ಮರಿಗಳನ್ನು ನೀರಿಗೆ ಸುರಿದರು. ಚೀಲ ಹಿಡಿದು ನಿಂತಿದ್ದವರೊಬ್ಬರನ್ನು ಇದು ಯಾವ ಮೀನು ಎಂದು ಕೇಳಿದೆ. ‘ಮಹಶೀರ್ ಸರ್’ ಎಂದರು, ಅಂದರೆ ನಾವು ಬಿಳಿಮೀನು ಎನ್ನುವ ದೊಡ್ಡ ನದಿಮೀನು. ಯಾವ ಮಹಶೀರ್ ಎಂದು ಮತ್ತೆ ಕೇಳಿದಾಗ ನನ್ನ ಮುಖವನ್ನೊಮ್ಮೆ ನೋಡಿ, ‘ಮಹಶೀರ್ ಅಂದ್ರೆ ಮಹಶೀರೇ ಅಲ್ವಾ ಸರ್’ ಎಂದು ನಕ್ಕರು. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಅಲ್ಲಿ ವೇದಿಕೆಯ ಮೇಲಿದ್ದವರನ್ನು ಕೇಳಿದ್ದರೂ ಅದೇ ಉತ್ತರ ಸಿಗುತ್ತಿತ್ತು. ಆದರೆ ಈ ಪತ್ರ ಬರೆಯಲು ಆ ಉತ್ತರವೇ ಕಾರಣ.

ನಾನು ಸಿದ್ದಾಪುರದ ಕಡೆಯ ಸಣ್ಣ ಕಾಫಿ ಬೆಳೆಗಾರ. ನಲವತ್ತು ವರ್ಷಗಳಿಂದ ಇದೇ ಹೊಳೆಯಲ್ಲಿ ಗಾಳ ಹಾಕುತ್ತಿದ್ದೇನೆ, ಅದರಲ್ಲಿ ಕೊನೆಯ ಇಪ್ಪತ್ತು ವರ್ಷ ಫ್ಲೈ ಗಾಳ ಒಂದನ್ನೇ ಬಳಸಿದ್ದೇನೆ. ಇದನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ನಾವು ಚಿಕ್ಕಂದಿನಲ್ಲಿ ಕಲಿತ ಗಾಳದಲ್ಲಿ ಎರೆಹುಳುವೋ ರಾಗಿ ಹಿಟ್ಟಿನ ಉಂಡೆಯೋ ಇರುತ್ತದೆ, ಅದರ ಭಾರಕ್ಕೆ ಅಥವಾ ಕಟ್ಟಿದ ಸೀಸದ ಭಾರಕ್ಕೆ ದಾರ ದೂರ ಹೋಗುತ್ತದೆ. ಫ್ಲೈ ಗಾಳದಲ್ಲಿ ಕೊಕ್ಕೆಗೆ ತೂಕವೇ ಇಲ್ಲ. ಒಂದು ಸಣ್ಣ ಕೊಕ್ಕೆಗೆ ನಾಟಿ ಹುಂಜದ ಕತ್ತಿನ ಗರಿಯನ್ನು ಮೇಣ ಸವರಿದ ನೂಲಿನಿಂದ ಸುತ್ತಿ, ನೀರಿನ ಮೇಲೆ ಬಿದ್ದ ಹುಳದಂತೆಯೋ ಈಜುವ ಮರಿಮೀನಿನಂತೆಯೋ ಕಾಣುವ ಹಾಗೆ ಕಟ್ಟಿರುತ್ತೇವೆ. ತೂಕವಿರುವುದು ದಾರದಲ್ಲಿ. ಆ ದಪ್ಪ ದಾರವನ್ನು ಕಡ್ಡಿಯಿಂದ ಹಿಂದಕ್ಕೂ ಮುಂದಕ್ಕೂ ಬೀಸಿ, ಅದು ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾದು, ಗರಿಯ ಹುಳವನ್ನು ನೀರಿನ ಮೇಲೆ ಸದ್ದಾಗದಂತೆ ಇಳಿಸಬೇಕು. ನದಿಗೆ ಬಾಗಿದ ಅತ್ತಿಮರಗಳಿಂದ ಹಣ್ಣು ಉದುರುವ ದಿನಗಳಲ್ಲಿ ನಾನು ಹುಳ ಬಿಟ್ಟು ಅತ್ತಿಹಣ್ಣಿನಂತೆಯೇ ಕೆಂಪು ಉಣ್ಣೆಯ ಉಂಡೆ ಕಟ್ಟುತ್ತೇನೆ. ಮಹಶೀರ್ ಹಣ್ಣು ತಿನ್ನುವ ಮೀನು ಕೂಡ. ಮರದ ಕೆಳಗೆ ‘ಟುಪ್’ ಎಂದು ಬಿದ್ದ ಸದ್ದಿಗೆ ಅದು ತಿರುಗುವ ರಭಸವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಈ ಕಲೆ ಬೆಳೆದದ್ದು ನಮ್ಮಲ್ಲಲ್ಲ, ಟ್ರೌಟ್ ಎಂಬ ತಣ್ಣೀರಿನ ಮೀನಿಗಾಗಿ ಯುರೋಪಿನ ತೊರೆಗಳಲ್ಲಿ. ಬ್ರಿಟಿಷರು ಆ ಮೀನನ್ನೂ ಹಡಗಿನಲ್ಲಿ ತಂದರು. ನಮಗೆ ಹತ್ತಿರದ ಟ್ರೌಟ್ ಇರುವುದು ನೀಲಗಿರಿಯಲ್ಲಿ, ಅಲ್ಲಿ 1907ರ ಹೊತ್ತಿಗೆ ಎಚ್.ಸಿ. ವಿಲ್ಸನ್ ಎಂಬವರು ಅವಲಾಂಚೆಯಲ್ಲಿ ಮರಿ ಮಾಡಿಸಿ ಮೇಲಿನ ತೊರೆಗಳಿಗೆ ಬಿಟ್ಟರು. ಕೊಡಗಿನ ಹೊಳೆಗಳು ಅದಕ್ಕೆ ಬೆಚ್ಚಗಾದವು. ಹೀಗಾಗಿ ನಮ್ಮ ಫ್ಲೈ ಗಾಳಕ್ಕೆ ಸಿಗುವುದು ಮಹಶೀರ್ ಮತ್ತು ಗೆಂಡೆಯಂಥ ನಮ್ಮವೇ ಮೀನುಗಳು. ನೀಲಗಿರಿಯ ಟ್ರೌಟ್ ಹೊರಗಿನಿಂದ ಬಂದದ್ದೆಂದು ಅಲ್ಲಿನ ಮಗುವಿಗೂ ಗೊತ್ತು. ಕಾವೇರಿಯಲ್ಲಿ ನಡೆದದ್ದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವಂಥದ್ದಲ್ಲ, ಏಕೆಂದರೆ ಹೊರಗಿನಿಂದ ಬಂದದ್ದಕ್ಕೂ ಇಲ್ಲಿಯದಕ್ಕೂ ನಾವು ಇಟ್ಟಿರುವ ಹೆಸರು ಒಂದೇ.

ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ, ಜಗತ್ತಿನ ಬೇರೆಲ್ಲೂ ಇಲ್ಲದ ಮಹಶೀರ್ ಎಂದರೆ ಗೂನುಬೆನ್ನಿನ ಮಹಶೀರ್. ತಲೆಯ ಹಿಂದೆ ಎದ್ದು ನಿಲ್ಲುವ ಗೂನು, ಕಿತ್ತಳೆ ಬಣ್ಣದ ರೆಕ್ಕೆ, ದಪ್ಪ ತುಟಿ. ಐವತ್ತು ಕಿಲೋ ದಾಟಿ ಬೆಳೆದ ಉದಾಹರಣೆಗಳಿವೆ: ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಇನ್ನೊಂದು ನೀಲಿರೆಕ್ಕೆಯ ಮಹಶೀರ್. 1839ರಲ್ಲಿ ವಿಜ್ಞಾನಿಗಳು ಅದನ್ನು ಮೊದಲು ವರ್ಣಿಸಿದ್ದು ಪುಣೆಯ ಮುಳಾ–ಮುಠಾ ನದಿಯ ಮೀನನ್ನು ನೋಡಿ. ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಇದರ ಮರಿಗಳನ್ನು ಕೃತಕವಾಗಿ ಬೆಳೆಸುವುದರಲ್ಲಿ ಯಶಸ್ವಿಯಾದ ಮೇಲೆ, 1970ರ ದಶಕದಿಂದೀಚೆಗೆ ಆ ಮರಿಗಳು ದೇಶದ ಅನೇಕ ನದಿಗಳಿಗೆ ಹೋದವು, ಕಾವೇರಿಗೂ ಬಂದವು. ಬಿಟ್ಟವರ ಉದ್ದೇಶ ಒಳ್ಳೆಯದೇ ಇತ್ತು. ಆಗ ಎರಡರ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ಗಮನ ಕೊಟ್ಟಿರಲಿಲ್ಲ.

ಹೀಗೆ ಬಂದ ಮೀನು ಹೇಗೆ ಬೆಳೆಯಿತು, ಇದ್ದ ಮೀನು ಹೇಗೆ ಕರಗಿತು ಎನ್ನುವುದು ನಮಗೆ ಇಂದು ಗೊತ್ತಿದ್ದರೆ ಅದಕ್ಕೆ ಕಾರಣ ಗಾಳಗಾರರ ಲೆಕ್ಕದ ಪುಸ್ತಕ. ಮುತ್ತತ್ತಿಯ ಆಸುಪಾಸಿನ ಕಾವೇರಿಯಲ್ಲಿ, ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಶಿಬಿರಗಳಲ್ಲಿ ‘ಹಿಡಿ, ಬಿಡು’ ಪದ್ಧತಿಯ ಗಾಳ ನಡೆಯುತ್ತಿದ್ದ ಕಾಲದಲ್ಲಿ, ಹಿಡಿದ ಪ್ರತಿ ಮೀನಿನ ತೂಕವನ್ನು ಬರೆದಿಟ್ಟು ಮೀನನ್ನು ನೀರಿಗೆ ಬಿಡುವುದು ನಿಯಮವಾಗಿತ್ತು. ಗಾಳಿಬೋರೆಯ 1998ರಿಂದ 2012ರವರೆಗಿನ ಆ ಲೆಕ್ಕವನ್ನು ಮೀನು ವಿಜ್ಞಾನಿಗಳಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತವರ ಸಂಗಡಿಗರು ಶೋಧಿಸಿ 2015ರಲ್ಲಿ ಪ್ರಕಟಿಸಿದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ದಾಖಲೆ ಅದು. ನೀಲಿರೆಕ್ಕೆಯ ಸಂಖ್ಯೆ ಏರುತ್ತಾ ಹೋಗಿತ್ತು. ಗೂನುಬೆನ್ನಿನ ಮೀನು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಾ, ಸಿಕ್ಕಿದ ಒಂದೊಂದು ಮಾತ್ರ ದೊಡ್ಡದಾಗುತ್ತಾ ಬಂದಿತ್ತು. ಮೀನು ದೊಡ್ಡದಾದರೆ ಸಂತೋಷ ಪಡಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ಒಂದು ಊರಿನಲ್ಲಿ ಬರೀ ಮುದುಕರೇ ಕಾಣಿಸುತ್ತಾ ಶಾಲೆಗೆ ಹೋಗುವ ಮಕ್ಕಳೇ ಕಾಣದಿದ್ದರೆ ಆ ಊರಿನ ಗತಿ ಏನೆಂದು ಯೋಚಿಸಿದರೆ ಉತ್ತರ ಸಿಗುತ್ತದೆ.

ಆ ಆರು ಸಾವಿರ ಸಾಲುಗಳಲ್ಲಿ ನನ್ನದೂ ಒಂದಿದೆ ಎಂದುಕೊಳ್ಳುತ್ತೇನೆ. 1999ರ ಫೆಬ್ರುವರಿಯಲ್ಲಿ ಗೆಳೆಯರೊಬ್ಬರ ಜೊತೆ ಗಾಳಿಬೋರೆಗೆ ಹೋಗಿದ್ದೆ. ಫ್ಲೈ ಗಾಳಕ್ಕೆ ಮೂರು ದಿನ ಏನೂ ಬೀಳಲಿಲ್ಲ. ನಮ್ಮ ಹರಿಗೋಲು ನಡೆಸುತ್ತಿದ್ದ ಅಲ್ಲಿನ ಹಿರಿಯರು ನನ್ನ ಗರಿಯ ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ, ‘ಇದು ಅದರ ಹಲ್ಲಿನ ಸಂದಿಗೂ ಸಾಲದು ಸ್ವಾಮಿ’ ಎಂದು ನಕ್ಕು, ಕುದಿಸಿ ನಾದಿದ ರಾಗಿ ಹಿಟ್ಟಿನ ನಿಂಬೆಗಾತ್ರದ ಉಂಡೆಯನ್ನು ಕೊಟ್ಟರು. (ಮಹಶೀರಿಗೆ ಹಲ್ಲಿರುವುದು ಬಾಯಲ್ಲಲ್ಲ, ಗಂಟಲಲ್ಲಿ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.) ಅಂದು ಸಂಜೆ ಬಂಡೆಯ ಪಕ್ಕದ ಮಡುವಿನಿಂದ ಬಂದ ಗೂನುಬೆನ್ನಿನ ಮೀನು ನಲವತ್ತು ನಿಮಿಷ ನಮ್ಮ ಹರಿಗೋಲನ್ನು ಎಳೆದಾಡಿತು. ದಡಕ್ಕೆ ತಂದಾಗ ಅವರು ನೀರಿನಿಂದ ಪೂರ್ತಿ ಎತ್ತಗೊಡಲಿಲ್ಲ. ಸೊಂಟದ ತನಕ ನೀರಿಗಿಳಿದು, ಮೀನಿನ ಹೊಟ್ಟೆಯ ಕೆಳಗೆ ಕೈಯಿಟ್ಟು, ತಲೆಯನ್ನು ಹರಿವಿನ ಎದುರಿಗೆ ತಿರುಗಿಸಿ, ಕಿವಿರು ತೆರೆದು ಮುಚ್ಚುವುದು ಹದಕ್ಕೆ ಬರುವ ತನಕ ಹಾಗೆಯೇ ಹಿಡಿದು ನಿಂತರು. ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹುರುಪೆಗಳು ಇಳಿಬಿಸಿಲಿಗೆ ಹಿತ್ತಾಳೆಯಂತೆ ಹೊಳೆಯುತ್ತಿದ್ದವು. ಬಾಲ ಒಮ್ಮೆ ಬೀಸಿ ಮೀನು ಹೋದ ಮೇಲೆ ಅವರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಹೇಳಿದ ಮೊದಲ ಮಾತು, ‘ಬುಕ್ಕಿಗೆ ಬರೆಸಿ’ ಎಂದು. ಹಿಂದೆ ಆ ಹೊಳೆಯಲ್ಲಿ ತೋಟೆ (ಸಿಡಿಮದ್ದು) ಹಾಕಿ ಮೀನು ಹಿಡಿದವರಲ್ಲಿ ತಾವೂ ಒಬ್ಬರೆಂದು ಅವರೇ ಅಂದು ರಾತ್ರಿ ಹೇಳಿದರು.

ಆ ಶಿಬಿರಗಳು ಕಾವೇರಿ ವನ್ಯಜೀವಿಧಾಮದ ಒಳಗಿದ್ದವು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯುವುದೂ ಬೇಟೆಯ ಲೆಕ್ಕಕ್ಕೇ ಬರುವುದರಿಂದ ಅಲ್ಲಿ ಗಾಳ ನಿಂತುಹೋಯಿತು. ಕಾನೂನನ್ನು ನಾನು ಪ್ರಶ್ನಿಸುತ್ತಿಲ್ಲ, ವನ್ಯಜೀವಿಧಾಮದಲ್ಲಿ ಮತ್ತೆ ಗಾಳ ಶುರುಮಾಡಿ ಎಂದು ಕೇಳುತ್ತಲೂ ಇಲ್ಲ. ಕೊಕ್ಕೆ ಚುಚ್ಚಿದ ಮೀನಿಗೆ ನೋವಾಗುತ್ತದೆ, ಬಿಟ್ಟ ಮೇಲೂ ಕೆಲವು ಸಾಯುತ್ತವೆ ಎನ್ನುವವರ ಮಾತನ್ನೂ ತಳ್ಳಿಹಾಕಲಾರೆ. ಯೌವನದಲ್ಲಿ ಒಂಬತ್ತು ಕಿಲೋ ಮೀನನ್ನು ನೆಂಟರ ಮದುವೆಯ ಊಟಕ್ಕೆ ಹೊತ್ತುಕೊಂಡು ಹೋಗಿ ಮೀಸೆ ತಿರುವಿದವನು ನಾನು, ದಯೆಯ ಪಾಠ ಹೇಳುವ ಅರ್ಹತೆ ನನಗಿಲ್ಲ. ನನ್ನ ಪ್ರಶ್ನೆ ಇಷ್ಟೇ: ಗಾಳ ನಿಂತಾಗ ಪುಸ್ತಕವೂ ಮುಚ್ಚಿತು, ಅದರ ಬದಲಿಗೆ ನಾವು ಯಾವ ಪುಸ್ತಕ ತೆರೆದೆವು?

ಆ ನಂತರ ನಡೆದದ್ದನ್ನು ನೋಡಿ. 2018ರಲ್ಲಷ್ಟೇ ಗೂನುಬೆನ್ನಿನ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರು ಸಿಕ್ಕಿತು. ಕಾವೇರಿಗೇ ಸೇರುವ ಕೇರಳದ ಪಾಂಬಾರ್ ನದಿಯಲ್ಲಿ ಸಿಕ್ಕಿ 2007ರಲ್ಲಿ ಟಾರ್ ರೆಮಾದೇವಿ ಎಂದು ಹೆಸರಿಸಲ್ಪಟ್ಟ ಮೀನೂ ಇದೂ ಒಂದೇ ಎಂದು ತಿಳಿದದ್ದು ಬಂಡೀಪುರದ ಅಂಚಿನಲ್ಲಿ ಹರಿಯುವ ಮೊಯಾರ್ ನದಿಯಲ್ಲಿ ಉಳಿದಿದ್ದ ಮೀನುಗಳ ಅಧ್ಯಯನದಿಂದ. ಅದೇ ವರ್ಷ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಇದನ್ನು ಅಳಿವಿನ ಅತಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ನೀಲಿರೆಕ್ಕೆಯ ಮಹಶೀರ್ ಬಗ್ಗೆ ಸದ್ಯಕ್ಕೆ ಆತಂಕವಿಲ್ಲ ಎಂದು ಅದೇ ಸಂಸ್ಥೆ ಹೇಳಿದೆ. ಹೀಗಿರುವಾಗ ಆತಂಕವಿಲ್ಲದ ಮೀನಿನ ಮರಿಗಳನ್ನು, ಅಳಿಯುತ್ತಿರುವ ಮೀನಿನ ಮನೆಗೆ, ‘ಮಹಶೀರ್ ಉಳಿಸಿ’ ಎಂಬ ಬ್ಯಾನರ್ ಕಟ್ಟಿ ಬಿಡುವುದಕ್ಕೆ ಏನೆನ್ನಬೇಕು? ಗೂನುಬೆನ್ನಿನ ಮೀನು ಕಡಿಮೆಯಾಗಲು ಇದೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಅಣೆಕಟ್ಟುಗಳು ಅದರ ದಾರಿಯನ್ನು ಕಡಿದಿವೆ, ಮೊಟ್ಟೆಯಿಡಲು ಬೇಕಾದ ಜಲ್ಲಿಕಲ್ಲಿನ ತಳವನ್ನು ಮರಳುಗಾರಿಕೆ ಬಗೆದಿದೆ, ತೋಟೆಯಂತೂ ಇದ್ದೇ ಇದೆ. ತೋಟೆ ಮತ್ತು ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ, ಆದರೂ ಬೇಸಿಗೆಯ ರಾತ್ರಿಗಳಲ್ಲಿ ನದಿಯ ಕಡೆಯಿಂದ ಬರುವ ಆ ದಪ್ಪ ಸದ್ದು ನಮ್ಮ ಕಿವಿಗೆ ಹೊಸದಲ್ಲ. ಮರುದಿನ ಬೆಳಿಗ್ಗೆ ಹೋದರೆ ದಡದ ಹುಲ್ಲಿಗೆ ಸಿಕ್ಕಿಕೊಂಡ ಬೆರಳುದ್ದದ ಮರಿಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿರುತ್ತವೆ. ದೊಡ್ಡವನ್ನು ಹೊತ್ತುಕೊಂಡು ಹೋಗಿರುತ್ತಾರೆ.

ಅಂಥ ಬೆಳಿಗ್ಗೆ ಹೊಳೆಯ ಬಳಿ ಇರುವವರು ಯಾರು? ಗಾಳಗಾರರು. ದುಬಾರೆ, ವಾಲ್ನೂರಿನ ಕಡೆ ಕೊಡಗು ವನ್ಯಜೀವಿ ಸಂಘದವರು ನದಿಯ ಒಂದು ಭಾಗವನ್ನು ಕಾಯುತ್ತಾ, ಹಿಡಿದದ್ದನ್ನು ಬಿಡುವ ಷರತ್ತಿನ ಮೇಲೆ ಪರವಾನಗಿ ಕೊಟ್ಟು ಬಂದಿರುವುದರಿಂದ ಆ ಭಾಗದ ನೀರಿಗೆ ಹೇಳಿಕೇಳುವವರಿದ್ದಾರೆ ಎಂಬುದನ್ನು ಈ ಕಡೆಯವರೆಲ್ಲ ಬಲ್ಲರು. ಶೃಂಗೇರಿಯ, ಶಿಶಿಲದ ದೇವರ ಮೀನುಗಳನ್ನು ಭಕ್ತಿ ಕಾಯುತ್ತಿದೆ, ಎಲ್ಲ ಮಡುವಿನ ಮೇಲೂ ಗುಡಿ ಇರಲು ಸಾಧ್ಯವಿಲ್ಲ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಇದು. ವನ್ಯಜೀವಿಧಾಮದ ಹೊರಗೆ, ಗಾಳಕ್ಕೆ ಅನುಮತಿ ಇರುವ ಕಡೆಗಳಲ್ಲಿ, ಪರವಾನಗಿಯ ಜೊತೆಯಲ್ಲೇ ಒಂದು ಮುದ್ರಿತ ಲೆಕ್ಕದ ಪುಸ್ತಕವನ್ನು ಕೊಡಲಿ. ದಿನಾಂಕ, ಜಾಗ, ಎಷ್ಟು ಗಂಟೆ ಗಾಳ ಹಾಕಿದ್ದು, ಸಿಕ್ಕ ಮೀನಿನ ಉದ್ದ, ರೆಕ್ಕೆಯ ಬಣ್ಣ, ಗೂನು ಇದೆಯೋ ಇಲ್ಲವೋ, ಇಷ್ಟು ಸಾಕು. ಏನೂ ಸಿಗದ ದಿನವನ್ನೂ ಬರೆಯಬೇಕು, ಅದೇ ಎಲ್ಲಕ್ಕಿಂತ ಮುಖ್ಯವಾದ ಸಾಲು, ಆದರೆ ಗಾಳಗಾರರು ಅದನ್ನೇ ಬರೆಯಲು ನಾಚುತ್ತಾರೆ. ಪುಸ್ತಕ ಒಪ್ಪಿಸದವರಿಗೆ ಮುಂದಿನ ವರ್ಷ ಪರವಾನಗಿ ಬೇಡ. ಒಂದೇ ಕೊಕ್ಕೆ, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರಬೇಕು, ಮೀನನ್ನು ಒಣ ಕೈಯಲ್ಲಿ ಮುಟ್ಟಬಾರದು, ಮಳೆಗಾಲದಲ್ಲಿ ಅದು ಮೊಟ್ಟೆಯಿಡಲು ಮೇಲಕ್ಕೇರುವ ತಿಂಗಳುಗಳಲ್ಲಿ ಗಾಳ ಮುಟ್ಟಲೇಬಾರದು ಎಂಬ ಷರತ್ತುಗಳನ್ನು ನಮ್ಮಂಥವರು ಯಾರೂ ಹೇಳದೆಯೇ ಪಾಲಿಸುತ್ತೇವೆ, ಅವು ಕಾಗದದ ಮೇಲೂ ಬಂದರೆ ಒಳ್ಳೆಯದು. ಇನ್ನು ಮರಿ ಬಿಡುವ ಕಾರ್ಯಕ್ರಮಗಳಲ್ಲಿ, ಚೀಲ ಬಿಚ್ಚುವ ಮೊದಲು ಆ ಮರಿ ಯಾವ ಜಾತಿಯದು, ಯಾವ ನದಿಯ ತಾಯಿಮೀನಿನದು ಎಂಬುದನ್ನು ಚೀಟಿಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಅಂಟಿಸಲಿ. ಬರೆಯಲು ಆಗದಿದ್ದರೆ ಚೀಲ ಬಿಚ್ಚುವುದು ಬೇಡ.

ನನ್ನ ಬಳಿ ಎರಡು ನೋಟುಪುಸ್ತಕಗಳಿವೆ. ಕಾಫಿ ಕೊಯ್ಲಿನ ಕೂಲಿ ಲೆಕ್ಕದ ನಡುನಡುವೆ ಬರೆದಿಟ್ಟ, ಇಪ್ಪತ್ತು ವರ್ಷಗಳ ಫ್ಲೈ ಗಾಳದ ಲೆಕ್ಕ ಅದರಲ್ಲಿದೆ, ಖಾಲಿ ಕೈಯಲ್ಲಿ ಬಂದ ದಿನಗಳೂ ಸೇರಿ. ಆ ಪುಟಗಳಲ್ಲಿ ನೀಲಿರೆಕ್ಕೆಯದು ಬಹಳ, ಗೂನುಬೆನ್ನಿನದು ಒಂದೂ ಇಲ್ಲ. ಯಾವ ಇಲಾಖೆಯವರಾಗಲಿ, ವಿಶ್ವವಿದ್ಯಾಲಯದವರಾಗಲಿ ಬೇಕೆಂದರೆ ಜೆರಾಕ್ಸ್ ಮಾಡಿಸಿ ನಾನೇ ತಂದು ಕೊಡುತ್ತೇನೆ.

ಇತಿ,
ಕಾವೇರಿ ತೀರದ ಒಬ್ಬ ಕಾಫಿ ಬೆಳೆಗಾರ,
ಸಿದ್ದಾಪುರ ಸಮೀಪ, ಕೊಡಗು