ಒಡ್ಡು ಕಾಯುವ ಕೆಲಸ ಅದನ್ನು ಬಲ್ಲವರಿಗೇ ಇರಲಿ: ಲೂಸಿಯಾನಾ ಗವರ್ನರ್‌ಗೆ ಬಹಿರಂಗ ಪತ್ರ

ಮಾನ್ಯ ಗವರ್ನರ್ ಜೆಫ್ ಲ್ಯಾಂಡ್ರಿ ಅವರೇ,

ನ್ಯೂ ಆರ್ಲಿಯನ್ಸ್‌ಗೆ ಪ್ರವಾಹ ನುಗ್ಗದಂತೆ ತಡೆಯುವ ಒಡ್ಡುಗಳನ್ನು ನೋಡಿಕೊಳ್ಳುವ ಮಂಡಳಿಯ ಸದಸ್ಯರನ್ನು ನೇಮಿಸುವವರು ನೀವು. ಅದಕ್ಕೇ ಈ ಪತ್ರ. ನಾನು ಈ ಊರಿನಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗ. ಒಡ್ಡಿನ ತೆರಿಗೆ ನಾನೂ ಕಟ್ಟುತ್ತೇನೆ. ಇಲ್ಲಿ ಆದದ್ದು ನಮ್ಮ ಭಾಷೆಯವರಿಗೂ ತಿಳಿಯಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂತು. ಊರಿನ ಶೇ. 80ರಷ್ಟು ಭಾಗ ಮುಳುಗಿತು. ಕೆಲವು ಬಡಾವಣೆಗಳಲ್ಲಿ ನೀರು ವಾರಗಟ್ಟಲೆ ಇಳಿಯಲಿಲ್ಲ. ಇದನ್ನು ಪ್ರಕೃತಿ ವಿಕೋಪ ಅನ್ನುವವರು ಇವತ್ತಿಗೂ ಇದ್ದಾರೆ. ನಾನು ಒಪ್ಪುವುದಿಲ್ಲ. 17ನೇ ಸ್ಟ್ರೀಟ್ ಕಾಲುವೆಯಲ್ಲೂ ಲಂಡನ್ ಅವೆನ್ಯೂ ಕಾಲುವೆಯಲ್ಲೂ ನೀರು ಒಡ್ಡಿನ ಮೇಲಿನ ಗೋಡೆಯನ್ನು ದಾಟಿ ಹರಿಯುವ ಮೊದಲೇ ಗೋಡೆ ಬಿತ್ತು. ನೀರು ಏರಿದಂತೆ ಗೋಡೆ ಬಾಗಿತು. ಗೋಡೆಗೂ ಮಣ್ಣಿಗೂ ನಡುವೆ ಸಂದು ಬಿಟ್ಟಿತು. ಅದರೊಳಗೆ ನೀರು ನುಗ್ಗಿತು. ಕೆಳಗಿನ ಮೆತ್ತನೆ ನೆಲ ಆ ಒತ್ತಡ ತಡೆಯಲಿಲ್ಲ.

ಈ ಸಂದಿನ ಸುಳಿವು ಇಪ್ಪತ್ತು ವರ್ಷ ಮೊದಲೇ ಸಿಕ್ಕಿತ್ತು ಅನ್ನುವುದು ನನಗೆ ಇನ್ನೂ ಅರಗಿಲ್ಲ. 1980ರ ದಶಕದಲ್ಲಿ ಅಮೆರಿಕ ಸೇನೆಯ ಎಂಜಿನಿಯರ್ ದಳವೇ ಇಂಥ ಗೋಡೆ ಕಟ್ಟಿ, ನೀರು ತುಂಬಿಸಿ ಪರೀಕ್ಷೆ ಮಾಡಿತ್ತು. ಫಲಿತಾಂಶವನ್ನು ತಪ್ಪಾಗಿ ಅರ್ಥ ಮಾಡಿಕೊಂಡರು. ಗೋಡೆಯ ಬುಡಕ್ಕೆ ನೆಲದಲ್ಲಿ ಹೂಳುವ ಉಕ್ಕಿನ ಹಲಗೆಗಳನ್ನು 31ರಿಂದ 46 ಅಡಿ ಆಳಕ್ಕೆ ಇಳಿಸಬೇಕಿದ್ದಲ್ಲಿ 17 ಅಡಿ ಸಾಕು ಅಂದುಕೊಂಡರು. ಖರ್ಚು ಉಳಿಯಿತು. ಅದಕ್ಕೆ ಬೆಲೆ ತೆತ್ತವರು ಆ ಗೋಡೆಗಳ ಪಕ್ಕದಲ್ಲಿ ಮನೆ ಮಾಡಿದ್ದ ಜನ. ವಿನ್ಯಾಸದಲ್ಲಿ ತಪ್ಪಾಗಿತ್ತು ಅಂತ 2006ರಲ್ಲಿ ಆ ದಳವೇ ಒಪ್ಪಿಕೊಂಡಿತು. ಆದರೆ ಜನ ಕೋರ್ಟಿಗೆ ಹೋದಾಗ 1928ರ ಕಾನೂನು ಅಡ್ಡ ಬಂತು. ಪ್ರವಾಹ ತಡೆಯುವ ಕಾಮಗಾರಿ ಕೈಕೊಟ್ಟರೆ ಕೇಂದ್ರ ಸರ್ಕಾರ ಪರಿಹಾರ ಕೊಡಬೇಕಿಲ್ಲ ಅನ್ನುತ್ತದೆ ಆ ಕಾನೂನು. ಆ ದಳದಿಂದ ಪರಿಹಾರ ಕೇಳಲು ಸೋತವರಿಗೆ ಇನ್ಯಾವ ಬಾಗಿಲೂ ಉಳಿಯಲಿಲ್ಲ.

ಲೋವರ್ ನೈನ್ತ್ ವಾರ್ಡ್ ಅನ್ನುವ ಬಡಾವಣೆಯಲ್ಲಿ ಇಂಡಸ್ಟ್ರಿಯಲ್ ಕಾಲುವೆಯ ಗೋಡೆ ಒಡೆದಾಗ ಮನೆಗಳೇ ಅಡಿಪಾಯ ಬಿಟ್ಟು ತೇಲಿಹೋದವು. ತಲೆಮಾರುಗಳಿಂದ ಅಲ್ಲಿದ್ದವರು ಕಪ್ಪು ಜನಾಂಗದ ಕುಟುಂಬಗಳು. ಮನೆ ಕಟ್ಟಿಕೊಳ್ಳಲು ರಾಜ್ಯ ಕೊಟ್ಟ ನೆರವಿನ ಲೆಕ್ಕವನ್ನು ಮನೆಯ ಹಳೆಯ ಮಾರುಕಟ್ಟೆ ಬೆಲೆಗೂ ಜೋಡಿಸಿದ್ದರು. ಬಡ ಬಡಾವಣೆಯಲ್ಲಿ ಬೆಲೆ ಕಡಿಮೆ, ಆದ್ದರಿಂದ ನೆರವೂ ಕಡಿಮೆ. ಇಟ್ಟಿಗೆ, ಮರ, ಕೂಲಿ ಎಲ್ಲರಿಗೂ ಒಂದೇ ದರ, ಅಲ್ವಾ? ಎಷ್ಟೋ ಕುಟುಂಬಗಳು ವಾಪಸ್ ಬರಲೇ ಇಲ್ಲ.

ಈಗ ನಿಮ್ಮ ಕೈಯಲ್ಲಿರುವ ವಿಷಯಕ್ಕೆ ಬರುತ್ತೇನೆ. ಆಗಿನ ಆರ್ಲಿಯನ್ಸ್ ಒಡ್ಡು ಮಂಡಳಿ ವಿಮಾನ ನಿಲ್ದಾಣ ನಡೆಸುತ್ತಿತ್ತು. ದೋಣಿಕಟ್ಟೆಗಳನ್ನು ನೋಡಿಕೊಳ್ಳುತ್ತಿತ್ತು. ಕ್ಯಾಸಿನೊ ಹಡಗಿನಿಂದ ಬಾಡಿಗೆ ಪಡೆಯುತ್ತಿತ್ತು. ಒಡ್ಡಿನ ವಾರ್ಷಿಕ ತಪಾಸಣೆ ಮಾತ್ರ ಕೆಲವು ಗಂಟೆಗಳಲ್ಲಿ ಮುಗಿಯುತ್ತಿತ್ತು. 17ನೇ ಸ್ಟ್ರೀಟ್ ಕಾಲುವೆ ಪಕ್ಕದ ನಿವಾಸಿಗಳು ತಮ್ಮ ಅಂಗಳದಲ್ಲಿ ನೀರು ಜಿನುಗುತ್ತಿದೆ ಅಂತ ಚಂಡಮಾರುತಕ್ಕೆ ತಿಂಗಳುಗಳ ಮೊದಲೇ ಊರಿನ ನೀರು-ಒಳಚರಂಡಿ ಮಂಡಳಿಗೆ ದೂರು ಕೊಟ್ಟಿದ್ದರು. ಅದರಿಂದ ಏನೂ ಆಗಲಿಲ್ಲ. ಇದೆಲ್ಲ ಕಂಡು ಬೇಸತ್ತ ಲೂಸಿಯಾನಾದ ಮತದಾರರು 2006ರಲ್ಲಿ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದರು. ಒಡ್ಡಿನ ಮಂಡಳಿಯಲ್ಲಿ ಎಂಜಿನಿಯರ್‌ಗಳು, ಜಲವಿಜ್ಞಾನ ಓದಿದವರು ಇರಬೇಕು ಅನ್ನುವ ಏರ್ಪಾಟು ಬಂದದ್ದು ಹಾಗೆ. ಜನ ಹೋರಾಡಿ ಪಡೆದದ್ದು ಅದು.

2025ರಲ್ಲಿ ಆ ಮಂಡಳಿಯ ಸದಸ್ಯರು ಒಬ್ಬರ ಹಿಂದೆ ಒಬ್ಬರು ರಾಜೀನಾಮೆ ಕೊಟ್ಟಾಗ ನಮಗೆ ಭಯವಾಯಿತು. ಸುಮ್ನೆ ಹುಟ್ಟಿದ ಭಯವಲ್ಲ. ಕತ್ರಿನಾ ನಂತರ ಸುಮಾರು 1,450 ಕೋಟಿ ಡಾಲರ್ ಖರ್ಚು ಮಾಡಿ ಹೊಸ ಒಡ್ಡು, ಗೇಟು, ಪಂಪುಗಳನ್ನು ಕಟ್ಟಿದ್ದಾರೆ. 2021ರಲ್ಲಿ ಐಡಾ ಚಂಡಮಾರುತ ಬಂದಾಗ ಅವು ಊರನ್ನು ಕಾಪಾಡಿದವು, ನಿಜ. ಆದರೆ ಈ ನೆಲ ಕುಸಿಯುತ್ತಲೇ ಇದೆ, ಅದರ ಜೊತೆ ಒಡ್ಡೂ ಇಳಿಯುತ್ತಿದೆ, ಸಮುದ್ರ ಏರುತ್ತಿದೆ. ಒಡ್ಡುಗಳನ್ನು ಮತ್ತೆ ಎತ್ತರಿಸದಿದ್ದರೆ ಅವು ಸಾಕಾಗುವುದಿಲ್ಲ ಅಂತ ಸೇನಾ ಎಂಜಿನಿಯರ್‌ಗಳೇ 2019ರಲ್ಲಿ ಹೇಳಿದರು. ಅದೂ ಯಾವ ಮಟ್ಟಕ್ಕೆ? ಯಾವುದೇ ವರ್ಷ ಶೇ. 1ರಷ್ಟು ಸಾಧ್ಯತೆ ಇರುವ ಪ್ರವಾಹದ ಮಟ್ಟಕ್ಕೆ. ಮೂವತ್ತು ವರ್ಷದ ಮನೆ ಸಾಲ ತೆಗೆದುಕೊಂಡವನ ಲೆಕ್ಕದಲ್ಲಿ ನೋಡಿ. ಸಾಲ ತೀರುವುದರೊಳಗೆ ಅಂಥ ಪ್ರವಾಹ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇ. 26. 2022ರಲ್ಲಿ ಈ ಇಡೀ ವ್ಯವಸ್ಥೆಯನ್ನು ಸ್ಥಳೀಯ ಮಂಡಳಿಗಳ ಕೈಗೆ ಒಪ್ಪಿಸಿದ್ದಾರೆ. ಹುಲ್ಲು ಕತ್ತರಿಸುವುದರಿಂದ ಹಿಡಿದು ಪಂಪು, ಗೇಟು ಚಾಲೂ ಇಡುವವರೆಗೆ ಎಲ್ಲ ಅವರದೇ ಹೊಣೆ.

ಅಂಥ ಕುರ್ಚಿಯಲ್ಲಿ ನಿಮ್ಮ ಪಕ್ಷದವರು ಕೂತರೂ ನನಗೆ ಬೇಸರವಿಲ್ಲ. ಮಣ್ಣು, ನೀರು, ಉಕ್ಕು ಗೊತ್ತಿರಬೇಕು, ಮೇಲಿನವರಿಗೆ ಇಷ್ಟವಾಗದ ವರದಿಯನ್ನೂ ಬರೆಯುವ ಧೈರ್ಯ ಇರಬೇಕು, ಅಷ್ಟೇ. ಖಾಲಿ ಸ್ಥಾನಗಳಿಗೆ ನೀವು ಆರಿಸುವವರ ಓದು, ಅನುಭವ ಏನು ಅಂತ ನೇಮಕಕ್ಕೆ ಮೊದಲೇ ಪ್ರಕಟಿಸಿ. ಪ್ರತಿ ಒಡ್ಡು ಈಗ ಎಷ್ಟು ಎತ್ತರ ಇದೆ, ಕಟ್ಟಿದಾಗಿನಿಂದ ಎಷ್ಟು ಕುಸಿದಿದೆ ಅನ್ನುವುದನ್ನು ಪ್ರತಿ ವರ್ಷ ಜನರ ಮುಂದೆ ಇಡಲು ಮಂಡಳಿಗೆ ಹೇಳಿ. ಎತ್ತರಿಸುವ ಕೆಲಸಕ್ಕೆ ರಾಜ್ಯದ ಪಾಲಿನ ಹಣ ಎಲ್ಲಿಂದ ಬರುತ್ತದೆ ಅಂತಲೂ ಹೇಳಿ.

ಚಂಡಮಾರುತದ ಕಾಲ ಜೂನ್ 1ಕ್ಕೆ ಶುರುವಾಗುತ್ತದೆ. ಅದಕ್ಕೂ ಮೊದಲು ನಿಮ್ಮ ಉತ್ತರ ಬೇಕು.

ಇತಿ,
ನ್ಯೂ ಆರ್ಲಿಯನ್ಸ್‌ನ ಒಬ್ಬ ಕನ್ನಡಿಗ