ನೋಟರಿ ಸೀಲು ಬಿದ್ದ ಮಾತ್ರಕ್ಕೆ ಸೈಟು ನಮ್ಮದಾಗಲ್ಲ

ಎಲ್ಲರಿಗೂ ನಮಸ್ಕಾರ. ನಿನ್ನೆ ಪಕ್ಕದ ಬೀದಿಯ ಅಜ್ಜಿಯೊಬ್ಬರು ಒಂದು ಛಾಪಾ ಕಾಗದ ತಂದು ತೋರಿಸಿದರು. ಮಡಿಕೆಯಲ್ಲಿ ಹರಿದಿತ್ತು, ಕೆಳಗೆ ನೋಟರಿಯ ದುಂಡು ಸೀಲು. ಸೈಟಿಗೆ ಪೂರ್ತಿ ದುಡ್ಡು ಕೊಟ್ಟಿದ್ದಾರೆ, ಕೈಯಲ್ಲಿರುವುದು ಅದೊಂದೇ. ಕರುಳು ಚುರ್ ಎಂದಿತು.

ಸಹಿ ಹಾಕಿದವರು ಇವರೇ ಎಂದು ನೋಟರಿ ದೃಢೀಕರಿಸಬಹುದು, ಅಫಿಡವಿಟ್‌ಗೆ ಪ್ರಮಾಣ ಮಾಡಿಸಬಹುದು. ಆದರೆ ಒಡೆತನ ಬದಲಾಗುವುದು ಅವರ ಸೀಲಿನಿಂದಲ್ಲ. 100 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಜಾಗವಾದರೆ ಕ್ರಯಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ನೋಂದಣಿ ಆಗಬೇಕು. ಮದುವೆ ನೋಂದಣಿ, ವಿಚ್ಛೇದನವೂ ನೋಟರಿ ಕೈಲಿಲ್ಲ.

ಅಡ್ವಾನ್ಸ್ ಕೊಡುವ ಮೊದಲೇ ಇಸಿ (ಜಾಗದ ಮೇಲೆ ನೋಂದಣಿಯಾದ ಸಾಲ, ಮಾರಾಟ ತೋರಿಸುವ ಋಣಭಾರ ಪ್ರಮಾಣಪತ್ರ) ತೆಗೆಸಿ, ವಕೀಲರಿಗೆ ತೋರಿಸಿ. ಸೋಮವಾರ ಅಜ್ಜಿಯನ್ನು ವಕೀಲರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಇಂಥ ಕಾಗದ ನಿಮ್ಮ ಮನೆಯಲ್ಲೂ ಇದ್ದರೆ ಸುಮ್ನೆ ಇಟ್ಟುಕೊಳ್ಳಬೇಡಿ, ಜೊತೆಗೆ ಬನ್ನಿ.