ನೋಡಿಕೊಳ್ಳುವವರೇ ಹೆದರಿಸುವ ಕಾದಂಬರಿಗಳು

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಜನಪ್ರಿಯ ಹಾರರ್ ಕಾದಂಬರಿಗಳ ಕುರಿತು ಬಂದ ಲೇಖನವನ್ನು ಓದಿದೆ. ಯಾವ ಪುಸ್ತಕ ಎಷ್ಟು ಹೆದರಿಸುತ್ತದೆ ಎಂದು ನಕ್ಷತ್ರ ಕೊಟ್ಟು ಪಟ್ಟಿ ಮಾಡಿದ್ದೀರಿ. ಹೆಚ್ಚು ರಕ್ತ, ಹೆಚ್ಚು ದೆವ್ವ ಇದ್ದವು ಮೇಲೆ. ದೆವ್ವ ಕಣ್ಣಿಗೇ ಬೀಳದಂಥವು ಕೆಳಗೆ. ಒಂದು ರಾತ್ರಿ ಬೆಚ್ಚಿ ಮರೆತುಬಿಡುವ ಸರಕು ಎಂಬ ಧಾಟಿಯಲ್ಲಿ ಲೇಖನ ಮುಗಿದದ್ದು ನನಗೆ ಬಹಳ ಬೇಸರ ತಂದಿತು. ಅದಕ್ಕೇ ಈ ಪತ್ರ.

ನಾನು ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಈ ಕಾದಂಬರಿಗಳನ್ನು ಹೆಚ್ಚಾಗಿ ಓದಿದ್ದು ನೈಟ್ ಡ್ಯೂಟಿಯಲ್ಲಿ, ಒಂದು ರೌಂಡ್ ಮುಗಿದು ಇನ್ನೊಂದು ಶುರುವಾಗುವ ನಡುವೆ. ವಾರ್ಡಿನಲ್ಲಿ ಕೂತು ಇಂಥದ್ದನ್ನು ಹೇಗೆ ಓದುತ್ತೀರಿ ಸಿಸ್ಟರ್ ಎಂದು ಕೇಳಿದವರುಂಟು. ನನಗೆ ಅಲ್ಲಿ ಓದಿದ್ದರಿಂದಲೇ ಅವು ಅರ್ಥವಾದವು. ಇವುಗಳಲ್ಲಿ ಉಳಿದು ಬಂದ ಪುಸ್ತಕಗಳನ್ನು ತೆಗೆದು ನೋಡಿ: ಹೆದರಿಕೆ ಹುಟ್ಟುವುದು ಯಾರನ್ನು ನಂಬಿ ನಾವು ಕಣ್ಣು ಮುಚ್ಚಿ ಮಲಗುತ್ತೇವೋ ಅವರಿಂದ. ಅಮ್ಮ, ಅಪ್ಪ, ಗಂಡ, ಡಾಕ್ಟರು, ನರ್ಸು. ಕೆಲವೊಮ್ಮೆ ಅವರು ಕೆಟ್ಟವರು. ಹೆಚ್ಚಿನ ಸಲ ಒಳ್ಳೆಯವರೇ, ಒಳ್ಳೆಯದಾಗಲಿ ಎಂದೇ ಮಾಡಿದವರು. ಎರಡನೆಯದನ್ನು ಓದುವುದೇ ಹೆಚ್ಚು ಕಷ್ಟ.

ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಎಂದರೆ ಎಲ್ಲರಿಗೂ ಕೋಟೆ, ಶವಪೆಟ್ಟಿಗೆ, ಕೋರೆಹಲ್ಲು ನೆನಪಾಗುತ್ತವೆ. ನನಗೆ ಲೂಸಿಯ ಹಾಸಿಗೆ ನೆನಪಾಗುತ್ತದೆ. ರಾತ್ರಿ ಬಾವಲಿಯಾಗಿ ಬಂದು ರಕ್ತ ಹೀರುವ ಡ್ರಾಕುಲಾನಿಂದ ದಿನೇ ದಿನೇ ಬಿಳಿಚಿಕೊಳ್ಳುತ್ತಿರುವ ಹುಡುಗಿ. ಪ್ರೊಫೆಸರ್ ವಾನ್ ಹೆಲ್ಸಿಂಗ್ ಬಂದು, ಅವನನ್ನು ತಡೆಯಲು ಬೆಳ್ಳುಳ್ಳಿ ಹೂಗಳನ್ನು ಕಿಟಕಿ, ಬಾಗಿಲುಗಳಿಗೆಲ್ಲ ಉಜ್ಜಿ, ಹಾರ ಮಾಡಿ ಅವಳ ಕೊರಳಿಗೆ ಹಾಕುತ್ತಾನೆ. ಎಷ್ಟೇ ಸೆಕೆಯಾದರೂ ಕಿಟಕಿ ತೆಗೆಯಬೇಡ ಎನ್ನುತ್ತಾನೆ. ಲೂಸಿಯ ತಾಯಿಗೆ ಹೃದಯದ ಕಾಯಿಲೆ. ಆಕೆಗೆ ಆಘಾತವಾಗಬಾರದೆಂದು ಮಗಳ ಸ್ಥಿತಿಯನ್ನಾಗಲೀ ಹೂವಿನ ಕಾರಣವನ್ನಾಗಲೀ ಹೇಳಿರುವುದಿಲ್ಲ. ರಾತ್ರಿ ಆ ತಾಯಿ ಕೋಣೆಗೆ ಬರುತ್ತಾಳೆ. ಉಸಿರುಗಟ್ಟುವಂತಿದೆ, ಹೂವಿನದು ಕೆಟ್ಟ ಘಾಟು, ಮಗಳಿಗೆ ಎಷ್ಟು ಹಿಂಸೆಯೋ ಎಂದುಕೊಂಡು ಎಲ್ಲವನ್ನೂ ತೆಗೆದುಹಾಕಿ ಕಿಟಕಿಯನ್ನೂ ಸ್ವಲ್ಪ ತೆರೆದಿಡುತ್ತಾಳೆ. ಬೆಳಿಗ್ಗೆ ಡಾಕ್ಟರುಗಳಿಗೆ ಅದನ್ನು ಸಂತೋಷದಿಂದ ಹೇಳುತ್ತಾಳೆ. ವಾನ್ ಹೆಲ್ಸಿಂಗ್ ಆಕೆಯ ಎದುರು ನಗುಮುಖ ಇಟ್ಟುಕೊಂಡು, ಆಕೆ ಹೋದ ಮೇಲೆ ಕುಸಿದು ಅಳುತ್ತಾನೆ.

ಈ ಪುಟಗಳನ್ನು ಓದಿದ ಯಾವ ನರ್ಸಿಗೂ ಅಲ್ಲಿ ಬಾವಲಿ ಬೇಕಾಗುವುದಿಲ್ಲ. ಮಗುವಿಗೆ ಆಪರೇಷನ್ ಇದೆ, ಏನೂ ಕೊಡಬೇಡಿ ಎಂದಿದ್ದರೂ ಬಾಯಾರಿದೆಯಲ್ಲ ಎಂದು ನೀರು ಕುಡಿಸಿದ ಅಜ್ಜಿಯರನ್ನು ನಾನು ನೋಡಿದ್ದೇನೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಬರುವುದಿಲ್ಲ. ಯಾಕೆ ಕೊಡಬಾರದು ಎಂದು ಅವರಿಗೆ ಬಿಡಿಸಿ ಹೇಳಿದವರು ಯಾರು? ಸ್ಟೋಕರ್ ಅದನ್ನು ಅಷ್ಟು ಸರಿಯಾಗಿ ಹಿಡಿದಿದ್ದಾನೆ. ಲೂಸಿಯನ್ನು ಆ ರಾತ್ರಿ ಅಪಾಯಕ್ಕೆ ಒಡ್ಡಿದ್ದು ಡ್ರಾಕುಲಾನಷ್ಟೇ ಆ ಮುಚ್ಚುಮರೆ ಕೂಡ. ಮುಂದೆ ಇನ್ನೊಂದು ರಾತ್ರಿ ಅವಳ ಬಳಿ ಕಾವಲಿರಬೇಕೆಂದು ವಾನ್ ಹೆಲ್ಸಿಂಗ್ ಕಳಿಸಿದ ತಂತಿ, ವಿಳಾಸ ಪೂರ್ತಿ ಇಲ್ಲದ್ದರಿಂದ, 22 ಗಂಟೆ ತಡವಾಗಿ ತಲುಪುತ್ತದೆ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿರುತ್ತದೆ.

ನಾಲ್ಕು ಜನ ಗಂಡಸರು ಒಬ್ಬರಾದ ಮೇಲೆ ಒಬ್ಬರು ಲೂಸಿಗೆ ರಕ್ತ ಕೊಡುವುದನ್ನೂ ಹೇಳಬೇಕು. ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಪ್ರಕಟಿಸಿದ್ದು 1901ರಲ್ಲಿ, ಕಾದಂಬರಿ ಬಂದು ನಾಲ್ಕು ವರ್ಷವಾದ ಮೇಲೆ. ಹಾಗಾಗಿ ಅಲ್ಲಿ ಗ್ರೂಪ್ ಇಲ್ಲ, ಕೊಡುವವರ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ನೋಡುವ ಕ್ರಾಸ್ ಮ್ಯಾಚ್ ಇಲ್ಲ. ಗಟ್ಟಿಮುಟ್ಟಾದ ಆಳು, ಪ್ರೀತಿಯಿಂದ ಕೊಡುತ್ತಿದ್ದಾನೆ, ಅಷ್ಟೇ ಅರ್ಹತೆ. ಇವತ್ತು ಅದನ್ನು ಓದುವಾಗ ಒಂದೊಂದು ಸಲವೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಪುಸ್ತಕದ ಕೊನೆಯ ಭಾಗ, ಡ್ರಾಕುಲಾನನ್ನು ಅಟ್ಟಿಸಿಕೊಂಡು ಹೋಗುವ ರೈಲು, ದೋಣಿ, ಕುದುರೆಗಳ ಓಟ, ನನಗೆ ಅಷ್ಟಾಗಿ ಹಿಡಿಸಲಿಲ್ಲ. ಕೋಟೆಯ ಮೊದಲ ನಾಲ್ಕು ಅಧ್ಯಾಯ ಮತ್ತು ಲೂಸಿಯ ಕಾಯಿಲೆ, ಇಷ್ಟಕ್ಕೇ ಅದು ದೊಡ್ಡ ಪುಸ್ತಕ.

ಸ್ಟೀಫನ್ ಕಿಂಗ್ ಅವರ ‘ಮಿಸರಿ’ (1987) ಬಗ್ಗೆ ನಮ್ಮ ವೃತ್ತಿಯವರಲ್ಲಿ ಅನೇಕರಿಗೆ ಕೋಪವಿದೆ. ಅಪಘಾತದಲ್ಲಿ ಎರಡೂ ಕಾಲು ಮುರಿದುಕೊಂಡ ಲೇಖಕನೊಬ್ಬನನ್ನು ಮನೆಗೆ ಎತ್ತಿ ತಂದು, ಉಳಿಸಿ, ಬಂಧಿಯಾಗಿಟ್ಟುಕೊಳ್ಳುವ ಆನಿ ವಿಲ್ಕ್ಸ್ ಒಬ್ಬ ಮಾಜಿ ನರ್ಸ್. ನಮ್ಮನ್ನು ರಾಕ್ಷಸಿಯರ ಹಾಗೆ ತೋರಿಸಿದ್ದಾರೆ ಎಂಬ ದೂರು. ನನಗೆ ಹಾಗೆ ಅನಿಸಲಿಲ್ಲ. ಆನಿಗೆ ಕೆಲಸ ಗೊತ್ತು, ಅದೇ ಅಲ್ಲಿನ ಭೀಕರತೆ. ಅವಳು ಅವನ ಪಾದ ಕಡಿಯುವ ಕೊಡಲಿಯ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ನನ್ನನ್ನು ನಡುಗಿಸಿದ್ದು ಬಕೆಟ್. ನೋವಿನಿಂದ ಒದ್ದಾಡುತ್ತಿರುವವನಿಗೆ ಅವಳು ಮಾತ್ರೆ ತಂದಿದ್ದಾಳೆ; ಆದರೆ ನುಂಗಲು ಕೊಡುವ ನೀರು ನೆಲ ಒರೆಸಿದ ಸೋಪಿನ ನೀರು. ಅವನು ಕುಡಿಯುತ್ತಾನೆ. ಮಾತ್ರೆಯ ಹೊತ್ತು ಮೀರಿದ ರೋಗಿಗೆ ಗಡಿಯಾರ ಬೇಕಾಗುವುದಿಲ್ಲ, ನೋವೇ ಗಂಟೆ ಹೇಳುತ್ತದೆ ಎಂಬುದು ಕಿಂಗ್ ಅವರಿಗೆ ಗೊತ್ತಿದೆ. ಹಾಸಿಗೆಯಲ್ಲಿ ಬಿದ್ದಿರುವವನ ಮೇಲೆ ಟ್ರೇ ಹಿಡಿದು ನಿಂತವಳಿಗೆ ಎಷ್ಟು ಅಧಿಕಾರ ಇರುತ್ತದೆ ಎಂಬುದೂ ಗೊತ್ತಿದೆ. ನರ್ಸಿಂಗ್ ಕಲಿಯುವ ಹುಡುಗಿಯರಿಗೆ ನಾನು ಈ ಪುಸ್ತಕ ಓದಿ ಎಂದೇ ಹೇಳುತ್ತೇನೆ.

ಐರಾ ಲೆವಿನ್ ಅವರ ‘ರೋಸ್‌ಮರೀಸ್ ಬೇಬಿ’ಗೆ (1967) ನಿಮ್ಮ ಪಟ್ಟಿಯಲ್ಲಿ ಸೈತಾನನ ಕತೆ ಎಂದು ಒಂದೇ ಸಾಲು. ಆ ಪುಸ್ತಕದ ಬಹುಭಾಗದಲ್ಲಿ ಸೈತಾನನೇ ಇಲ್ಲ. ಬಸುರಿ ಹೆಂಗಸೊಬ್ಬಳಿಗೆ ತಿಂಗಳುಗಟ್ಟಲೆ ಹೊಟ್ಟೆನೋವು. ಹೆಸರುವಾಸಿ ಡಾಕ್ಟರು ಮೊದಲ ದಿನವೇ ಹೇಳಿರುತ್ತಾರೆ: ಪುಸ್ತಕ ಓದಬೇಡ, ಗೆಳತಿಯರ ಮಾತು ಕೇಳಬೇಡ. ನೋವು ಎಂದರೆ, ಒಂದೆರಡು ದಿನದಲ್ಲಿ ಹೋಗುತ್ತದೆ. ಗಂಡ ಹೂಂಗುಡುತ್ತಾನೆ. ಪಕ್ಕದ ಮನೆಯ ವೃದ್ಧೆ ದಿನಾ ಒಂದು ಲೋಟ ಕಷಾಯದಂಥದ್ದು ತಂದು ಎದುರೇ ನಿಂತು ಕುಡಿಸುತ್ತಾಳೆ. ಕೊನೆಗೆ ಇವರೆಲ್ಲ ಕೂಡಿ ತನ್ನ ಮಗುವಿಗೆ ಹೊಂಚು ಹಾಕಿದ್ದಾರೆ ಎಂದು ತಿಳಿದ ಆ ಬಸುರಿ ತಪ್ಪಿಸಿಕೊಂಡು ಮೊದಲು ತೋರಿಸಿದ್ದ ಇನ್ನೊಬ್ಬ ಡಾಕ್ಟರ ಹತ್ತಿರ ಓಡುತ್ತಾಳೆ. ಆತ ಒಳ್ಳೆಯವನು. ಸಮಾಧಾನವಾಗಿ ಎಲ್ಲ ಕೇಳಿ, ಮಲಗು ಎಂದು ಹೇಳಿ, ಹೋಗಿ ಅವಳ ಗಂಡನಿಗೂ ಆ ಹೆಸರುವಾಸಿ ಡಾಕ್ಟರಿಗೂ ಫೋನ್ ಮಾಡುತ್ತಾನೆ. ಇಡೀ ಹಾರರ್ ಸಾಹಿತ್ಯದಲ್ಲಿ ನನ್ನನ್ನು ಅತಿ ಹೆಚ್ಚು ಕಂಗೆಡಿಸಿದ ಜಾಗಗಳಲ್ಲಿ ಅದೊಂದು. ನೋವು ಎಂದು ಹೆಂಗಸು ಹೇಳಿದರೆ ನಂಬದಿರುವುದು ನಾನು ಕಂಡ ಲೋಕದಲ್ಲಿ ಸೈತಾನನಿಗಿಂತ ತುಂಬಾ ಹಳೆಯ ರೋಗ.

ವಿಲಿಯಂ ಪೀಟರ್ ಬ್ಲ್ಯಾಟಿ ಅವರ ‘ದಿ ಎಕ್ಸಾರ್ಸಿಸ್ಟ್’ (1971) ಕೂಡ ಹಾಗೆಯೇ. ಸಿನಿಮಾ ನೋಡಿದವರಿಗೆ ವಾಂತಿ, ತಿರುಗುವ ತಲೆ ಅಷ್ಟೇ ಗೊತ್ತು. ಪುಸ್ತಕದಲ್ಲಿ ಪುಟಗಟ್ಟಲೆ ಪರೀಕ್ಷೆಗಳಿವೆ. ಭೂತ ಮೆಟ್ಟಿದ ಹುಡುಗಿಗೆ ಮೊದಲು ಚಂಚಲತೆ ಎಂದು ಮಾತ್ರೆ, ಆಮೇಲೆ ಮೆದುಳಿನ ಪರೀಕ್ಷೆ, ಬೆನ್ನುಹುರಿಯ ನೀರು ತೆಗೆಯುವುದು. ರಿಪೋರ್ಟ್ ಎಲ್ಲ ನಾರ್ಮಲ್. ರಿಪೋರ್ಟ್ ನಾರ್ಮಲ್ ಬಂದಾಗ ಮುಖ ಕಪ್ಪಿಡುವ ತಾಯಂದಿರನ್ನು ನಾನು ಕಾರಿಡಾರಿನಲ್ಲಿ ಕಂಡಿದ್ದೇನೆ. ಹೆಸರಿರುವ ಕಾಯಿಲೆಯಾದರೆ ಅದಕ್ಕೊಂದು ಔಷಧಿಯಾದರೂ ಇರುತ್ತದಲ್ಲ. ಈ ಕತೆಯ ತಾಯಿಗೆ ದೇವರಲ್ಲಿ ನಂಬಿಕೆಯಿಲ್ಲ. ಭೂತ ಬಿಡಿಸುವ ಸಲಹೆ ಅವಳಿಗೆ ಸಿಗುವುದು ಡಾಕ್ಟರುಗಳ ಬಾಯಿಂದಲೇ. ಇನ್ನು ಭೂತ ಬಿಡಿಸಲು ಬರುವ ಪಾದ್ರಿ ಕಾರಸ್. ವಯಸ್ಸಾದ ತಾಯಿಯನ್ನು ಒಂಟಿಯಾಗಿ ಬಿಟ್ಟ ಕೊರಗು ಅವನನ್ನು ತಿನ್ನುತ್ತಿರುತ್ತದೆ. ಭೂತ ಕೈಹಾಕುವುದು ಸರಿಯಾಗಿ ಅದೇ ಗಾಯಕ್ಕೆ.

ಸ್ಟೀಫನ್ ಕಿಂಗ್ ಅವರ ‘ದಿ ಶೈನಿಂಗ್’ (1977) ಬಗ್ಗೆ ಒಂದೇ ಮಾತು. ಅಪ್ಪ ಛಾವಣಿ ರಿಪೇರಿ ಮಾಡುವಾಗ ಸಿಕ್ಕ ಕಣಜದ ಗೂಡಿಗೆ ಔಷಧಿ ಬಿಟ್ಟು, ಹುಳ ಎಲ್ಲ ಸತ್ತವೆಂದು ಖಾತ್ರಿ ಮಾಡಿಕೊಂಡು, ಐದು ವರ್ಷದ ಮಗನಿಗೆ ಪ್ರೀತಿಯಿಂದ ಕೊಡುತ್ತಾನೆ. ಮಗ ಅದನ್ನು ಮಂಚದ ಪಕ್ಕ ಇಟ್ಟುಕೊಂಡು ಮಲಗುತ್ತಾನೆ. ರಾತ್ರಿ ಗೂಡಿನಿಂದ ಹುಳಗಳು ಹೊರಬರುತ್ತವೆ. ಕುಡಿತ ಬಿಟ್ಟ, ಹಿಂದೊಮ್ಮೆ ಇದೇ ಮಗನ ಕೈ ಮುರಿದಿದ್ದ, ಈಗ ಒಳ್ಳೆಯ ಅಪ್ಪನಾಗಲು ಒದ್ದಾಡುತ್ತಿರುವ ಮನುಷ್ಯನ ಇಡೀ ಕತೆ ಆ ಗೂಡಿನಲ್ಲಿದೆ.

ಅದೇ ಲೇಖಕರ ‘ಪೆಟ್ ಸೆಮೆಟರಿ’ (1983) ಮಾತ್ರ ನನಗೆ ಎರಡನೇ ಸಲ ಓದಲು ಆಗಿಲ್ಲ. ಬರೆದು ಮುಗಿಸಿದ ಮೇಲೆ ಪ್ರಕಟಿಸಲು ಕಿಂಗ್ ಕೂಡ ಹಿಂಜರಿದಿದ್ದರು. ಕತೆಯ ಅಪ್ಪ ಸ್ವತಃ ಡಾಕ್ಟರು, ಸಾವನ್ನು ತಿಳಿದವನು. ಹೂತ ಸತ್ತವರು ಎದ್ದು ಬರುವ ಒಂದು ಮಣ್ಣಿನಲ್ಲಿ ಹೂತ ಬೆಕ್ಕು ಹೇಗಾಗಿ ತಿರುಗಿ ಬಂತೆಂದು ಕಣ್ಣಾರೆ ಕಂಡವನು. ಆದರೂ ಪುಟ್ಟ ಮಗ ಲಾರಿಗೆ ಸಿಕ್ಕಿ ಹೋದಾಗ ಅಲ್ಲಿಗೇ ಹೊತ್ತುಕೊಂಡು ಹೋಗುತ್ತಾನೆ. ಹೋಗಬೇಡ ಎಂದು ಓದುಗ ಕೂಗಿಕೊಳ್ಳುತ್ತಾನೆ; ನಾನಾಗಿದ್ದರೂ ಹೋಗುತ್ತಿದ್ದೆ ಎಂದೂ ಅವನಿಗೆ ಗೊತ್ತಿರುತ್ತದೆ. ಐಸಿಯು ಬಾಗಿಲಲ್ಲಿ ಕೈ ಹಿಡಿದುಕೊಂಡು, ಹೇಗಾದರೂ ಮಾಡಿ ಸಿಸ್ಟರ್, ಹೇಗೆ ಉಳಿದರೂ ಸರಿ ಎಂದ ಅಪ್ಪಂದಿರ ಮುಖ ಈ ಪುಸ್ತಕದ ತುಂಬ ಇದೆ.

ಎಲ್ಲವನ್ನೂ ಹೊಗಳಲು ನಾನು ಬರೆಯುತ್ತಿಲ್ಲ. ಕಿಂಗ್ ಅವರದೇ ‘ಇಟ್’ (1986) ಸಾವಿರ ಪುಟ ದಾಟುವ ಪುಸ್ತಕ. ಕೋಡಂಗಿ ವೇಷದಲ್ಲಿ ಬರುವ ಭೂತವೊಂದನ್ನು ಎದುರಿಸುವ ಮಕ್ಕಳ ಗೆಳೆತನ ಅದ್ಭುತವಾಗಿದೆ. ಕೊನೆಯಲ್ಲಿ ಆ ಭಯವೆಲ್ಲ ಒಂದು ದೈತ್ಯ ಜೇಡವಾಗಿ ಎದುರು ಬಂದಾಗ ಅಷ್ಟು ಹೊತ್ತು ಕಟ್ಟಿದ್ದು ಸೋರಿಹೋಗುತ್ತದೆ. ಅಲ್ಲಿಯೂ ನನ್ನ ಮನಸ್ಸಲ್ಲಿ ನಿಂತದ್ದು ಎಡ್ಡಿ ಎಂಬ ಹುಡುಗನ ತಾಯಿ. ಮಗನಿಗೆ ಆಸ್ತಮಾ ಎಂದು ನಂಬಿ, ಅವನನ್ನೂ ನಂಬಿಸಿ, ಇನ್ಹೇಲರ್ ಕೈಗೆ ಕೊಟ್ಟಿರುತ್ತಾಳೆ. ಅದರಲ್ಲಿರುವುದು ಔಷಧಿಯ ವಾಸನೆ ಬೆರೆಸಿದ ನೀರು ಎಂದು ಔಷಧಿ ಅಂಗಡಿಯವನು ಒಂದು ದಿನ ಹುಡುಗನಿಗೆ ಹೇಳಿಬಿಡುತ್ತಾನೆ. ಆ ಕೋಡಂಗಿ ವೇಷದ ಭೂತ ಈ ಅಮ್ಮನ ಮುಂದೆ ಏನೇನೂ ಅಲ್ಲ.

ಇನ್ನು ಪಟ್ಟಿಯ ಮೇಲ್ತುದಿಯಲ್ಲಿ ನೀವು ಇಟ್ಟಿರುವ, ಪುಟಕ್ಕೊಂದು ಹೆಣ ಬೀಳುವ ಇತ್ತೀಚಿನ ಪುಸ್ತಕಗಳು. ನಾಟ್ಯಶಾಸ್ತ್ರ ಭಯಾನಕವನ್ನೂ ಬೀಭತ್ಸವನ್ನೂ ಬೇರೆ ಬೇರೆ ರಸಗಳಾಗಿಯೇ ಎಣಿಸುತ್ತದೆ. ಒಂದರ ಸ್ಥಾಯಿ, ಅಂದರೆ ಮೂಲ ಭಾವ, ಭಯ; ಇನ್ನೊಂದರದ್ದು ಜುಗುಪ್ಸೆ. ಕರುಳು ಹೊರಬಿದ್ದಿರುವುದನ್ನು ಬಣ್ಣಿಸಿದರೆ ಜುಗುಪ್ಸೆಯಾಗುತ್ತದೆ, ನಿಜ. ಡ್ರೆಸ್ಸಿಂಗ್ ಮಾಡಿ ಅಭ್ಯಾಸವಿರುವ ನನ್ನಂಥವಳಿಗೆ ಅದೂ ಆಗುವುದಿಲ್ಲ. ಸತ್ತವನು ಯಾರು, ಅವನಿಗಾಗಿ ಮನೆಯಲ್ಲಿ ಯಾರು ಕಾಯುತ್ತಿದ್ದಾರೆ ಎಂದು ಹೇಳದ ಪುಸ್ತಕ ನನ್ನನ್ನು ಹೆದರಿಸಲಾರದು.

ಮೇರಿ ಶೆಲ್ಲಿ ‘ಫ್ರಾಂಕೆನ್‌ಸ್ಟೈನ್’ ಬರೆಯಲು ಶುರುಮಾಡಿದ್ದು 1816ರಲ್ಲಿ, ಇನ್ನೂ ಹದಿನೆಂಟರ ಹುಡುಗಿಯಾಗಿದ್ದಾಗ. ಪುಸ್ತಕ ಬಂದದ್ದು 1818ರಲ್ಲಿ. ಅದರ ಜೀವಿ ಕಣ್ಣು ಬಿಟ್ಟ ಕೂಡಲೇ ಅದನ್ನು ಮಾಡಿದವನು ಹೇಸಿ ಎದ್ದು ಓಡುತ್ತಾನೆ. ಹೆಸರಿಲ್ಲ, ಹಾಲಿಲ್ಲ, ಮೈಮೇಲೆ ಹೊದಿಕೆಯಿಲ್ಲ. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವರು ಆ ಒಂದು ಪುಟ ಓದಲಿ, ಆಮೇಲೆ ರಾಕ್ಷಸ ಯಾರೆಂದು ಹೇಳಲಿ.

ನಿಮ್ಮ ಪಟ್ಟಿಯಲ್ಲಿ ಒಂದೇ ನಕ್ಷತ್ರ ಪಡೆದು ತಳದಲ್ಲಿರುವುದು ಶರ್ಲಿ ಜಾಕ್ಸನ್ ಅವರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ (1959). ನನ್ನ ಪ್ರಕಾರ ಅದು ಎಲ್ಲಕ್ಕಿಂತ ಮೇಲಿರಬೇಕಾದ ಪುಸ್ತಕ. ಎಲಿನರ್ ಎಂಬ ಹೆಂಗಸು ಹನ್ನೊಂದು ವರ್ಷ ಹಾಸಿಗೆ ಹಿಡಿದ ತಾಯಿಯ ಆರೈಕೆ ಮಾಡಿರುತ್ತಾಳೆ. ತಾಯಿ ತೀರಿಕೊಂಡ ಮೇಲೆ ಮೊದಲ ಬಾರಿ ತನ್ನಿಷ್ಟದಂತೆ ಒಂದು ಕಡೆ ಹೊರಟಿದ್ದಾಳೆ, ಅದೂ ದೆವ್ವವಿದೆ ಎನ್ನುವ ಮನೆಗೆ. ಅಲ್ಲಿ ರಾತ್ರಿ ಬಾಗಿಲು ಬಡಿಯುವ ಸದ್ದು. ನಿದ್ದೆಗಣ್ಣಿನಲ್ಲಿ ಅವಳು ಬಂದೆ ಅಮ್ಮ, ಬಂದೆ ಎನ್ನುತ್ತಾಳೆ. ಮುಂದೆ ಒಂದು ಕಡೆ ತಿಳಿಯುತ್ತದೆ: ತಾಯಿ ಹೋದ ರಾತ್ರಿ ಔಷಧಿಗಾಗಿ ಗೋಡೆ ಬಡಿದು ಕರೆದಿದ್ದಳು, ಎಲಿನರ್ ಏಳಲಿಲ್ಲ. ನಿಜಕ್ಕೂ ಎಚ್ಚರವಾಗಿರಲಿಲ್ಲವೋ, ಎಚ್ಚರವಾಗಿ ಕೇಳಿಯೂ ಮತ್ತೆ ಮಲಗಿದಳೋ, ಅವಳಿಗೇ ತಿಳಿಯದು. ಕತ್ತಲಲ್ಲಿ ಅವಳು ಗೆಳತಿಯ ಕೈಯೆಂದು ಗಟ್ಟಿಯಾಗಿ ಹಿಡಿದದ್ದು ಗೆಳತಿಯದಲ್ಲ ಎಂದು ದೀಪ ಹತ್ತಿದಾಗ ಗೊತ್ತಾಗುವ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ, ಅದು ಹೇಳಬೇಕಾದ್ದೇ. ಆದರೆ ಆ ಪುಸ್ತಕದ ಜೀವ ಇರುವುದು ಗೋಡೆಯ ಬಡಿತದಲ್ಲಿ. ವರ್ಷಗಟ್ಟಲೆ ಕಾಲ್ ಬೆಲ್‌ಗೆ ಎದ್ದವರಿಗೆ ರಜೆಯ ದಿನ ಮನೆಯಲ್ಲಿ ಮಲಗಿದ್ದರೂ ಆ ಬೆಲ್ ಕೇಳುತ್ತದೆ. ಎದ್ದು ಕೂತು, ಇಲ್ಲಿ ಯಾವ ಬೆಲ್ಲೂ ಇಲ್ಲ ಎಂದು ಗೊತ್ತಾದ ಮೇಲೂ ಮನಸ್ಸು ಹಾಸಿಗೆಗಳನ್ನು ಒಂದೊಂದಾಗಿ ಎಣಿಸುತ್ತಿರುತ್ತದೆ. ಈ ಮನೆಯಲ್ಲಿ ದೆವ್ವ ಇದೆಯೋ ಇಲ್ಲವೋ ಎಂದು ಜಾಕ್ಸನ್ ಕೊನೆಯವರೆಗೂ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ನಕ್ಷತ್ರ ಕಡಿಮೆಯಾಯಿತೇ?

ಆದ್ದರಿಂದ ನನ್ನ ಕೋರಿಕೆ ಇಷ್ಟು. ಈ ಕಾದಂಬರಿಗಳನ್ನು ಮನರಂಜನೆಯ ಪುಟದಿಂದ ತೆಗೆದು ಪುಸ್ತಕ ವಿಮರ್ಶೆಯ ಪುಟಕ್ಕೆ ತನ್ನಿ. ನಕ್ಷತ್ರಗಳನ್ನು ಬಿಟ್ಟು, ಒಂದೊಂದು ಪುಸ್ತಕಕ್ಕೆ ಒಂದೊಂದು ಅಂಕಣ ಕೊಡಿ. ‘ಹಿಲ್ ಹೌಸ್’ ಬಗ್ಗೆ ಬರೆಸುವುದಾದರೆ, ಹಾಸಿಗೆ ಹಿಡಿದ ಹಿರಿಯರನ್ನು ಮನೆಯಲ್ಲಿ ವರ್ಷಗಟ್ಟಲೆ ನೋಡಿಕೊಂಡ ಓದುಗರೊಬ್ಬರಿಂದ ಬರೆಸಿ. ಅಂಥವರು ನಿಮ್ಮ ಓದುಗರಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇಂತಿ,
ನಿವೃತ್ತ ಸ್ಟಾಫ್ ನರ್ಸ್